ಲಂಡನ್ನಿಗೆ ಹೊರಟವರ ಪೆಟ್ಟಿಗೆ

ನಮ್ಮ ನಡುಮನೆಯಲ್ಲಿ ಮೂರು ವಾರಗಳಿಂದ ಎರಡು ಪೆಟ್ಟಿಗೆಗಳು ಬಾಯಿ ತೆರೆದುಕೊಂಡು ಬಿದ್ದಿವೆ. ಮೊಮ್ಮಗಳು ಸೆಪ್ಟೆಂಬರಿನಲ್ಲಿ ಓದಲೆಂದು ಲಂಡನ್ನಿಗೆ ಹೊರಟಿದ್ದಾಳೆ. ಬೆಳಗ್ಗೆ ಅವಳ ಅಜ್ಜಿ ಸಾರಿನ ಪುಡಿ, ಚಟ್ನಿ ಪುಡಿ, ಮೆಂತ್ಯದ ಹಿಟ್ಟು, ಹಪ್ಪಳದ ಕಟ್ಟು ಎಂದು ಒಂದೊಂದಾಗಿ ತಂದು ಒಳಗಿಡುವುದು. ಸಂಜೆ ಮೊಮ್ಮಗಳು ಬಂದು, ತೂಕ ಮಾಡಿ, ಅರ್ಧವನ್ನು ಹೊರಗೆ ತೆಗೆಯುವುದು. ಒಂದು ಪೆಟ್ಟಿಗೆ ಇಪ್ಪತ್ತಮೂರು ಕಿಲೋ ಮೀರುವಂತಿಲ್ಲವಂತೆ. ಈ ಸಂಭ್ರಮದಲ್ಲಿ ನನ್ನ ಪಾಲಿಗೆ ಬಂದಿರುವ ಕೆಲಸ ಒಂದೇ: ಕನ್ನಡಕ ಹಾಕಿಕೊಂಡು ತೂಕದ ಅಂಕಿಯನ್ನು ಓದಿ ಹೇಳುವುದು.

ಪೆಟ್ಟಿಗೆಯದಾದರೋ ಸಣ್ಣ ಮಾತು. ಕಾಗದಪತ್ರಗಳದು ದೊಡ್ಡ ಪುರಾಣ. ಅಲ್ಲಿ ಇರುವ ಖರ್ಚಿಗೆ ಬೇಕಾದ ಹಣ 28 ದಿನ ಬ್ಯಾಂಕಿನಲ್ಲಿ ಅಲುಗಾಡದೆ ಕುಳಿತಿರಬೇಕು. ಎದೆಯ ಚಿತ್ರ ತೆಗೆಸಿ, ಕ್ಷಯ ಇಲ್ಲವೆಂದು ಪತ್ರ ತರಬೇಕು. ಅವಳ ತಂದೆ ಸಾಲಕ್ಕಾಗಿ ಅಲೆದುದು, ಮನೆಯ ಪತ್ರಗಳು ಕಬ್ಬಿಣದ ಬೀರುವಿನಿಂದ ಹೊರಟು ಬ್ಯಾಂಕು ಸೇರಿದುದು, ಇವೆಲ್ಲ ಮುಗಿದು ಈಗ ಮನೆಯಲ್ಲಿ ಒಂದು ಬಗೆಯ ದಣಿದ ಮೌನ ನೆಲೆಸಿದೆ.

ಕೆಲಸವಿಲ್ಲದ ಮುದುಕನಿಗೆ ಹಳೆಯ ಪುಸ್ತಕಗಳೇ ಗತಿ. ಇವಳಿಗಿಂತ ಮೊದಲು ಅದೇ ಊರಿಗೆ ಓದಲು ಹೋದವರು ಹೇಗೆ ಸಿದ್ಧರಾದರು, ಏನು ಕಟ್ಟಿಕೊಂಡರು, ಯಾರಿಗೆ ಹೇಳಿ ಹೋದರು ಎಂದು ಅವರ ಆತ್ಮಕಥೆಗಳನ್ನೂ ಚರಿತ್ರೆಗಳನ್ನೂ ತೆಗೆದು ಕುಳಿತೆ. ಹೀಗೆ ಓದಲು ಇನ್ನೊಂದು ಕಾರಣವೂ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮವರಿಗೆ ಲಂಡನ್ನೇ ಏಕೆ ಬೇಕಾಯಿತು? ಬಾಗಿಲು ಅಲ್ಲೇ ಇತ್ತು, ಅದಕ್ಕೆ. ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಗೆ ಕೂರಬೇಕಾದರೆ ಲಂಡನ್ನಿಗೆ ಹೋಗಬೇಕು. ನಮ್ಮ ದೇಶದಲ್ಲಿಯೂ ಆ ಪರೀಕ್ಷೆ ನಡೆಯತೊಡಗಿದುದು 1922ರಲ್ಲಿ. ಬ್ಯಾರಿಸ್ಟರ್ ಆಗಬೇಕಾದರೂ ಅಲ್ಲಿಯ ವಕೀಲರ ‘ಇನ್’ಗಳಲ್ಲಿ ಹೆಸರು ಹಚ್ಚಿ, ಹನ್ನೆರಡು ಟರ್ಮುಗಳನ್ನು ಕಳೆದು, ಗೊತ್ತಾದಷ್ಟು ಔತಣಗಳನ್ನು ಉಂಡು ಏಳಬೇಕು. ನಮ್ಮನ್ನು ಆಳುವ ವಿದ್ಯೆಯನ್ನು ನಾವು ಕಲಿಯಬೇಕಾದರೆ ಆರು ಸಾವಿರ ಮೈಲಿ ಹೋಗಿ ಕಲಿಯಬೇಕಾಗಿತ್ತು.

ಆ ದಾರಿಗೆ ಸಮುದ್ರ ಅಡ್ಡ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತಿತನನ್ನಾಗಿಸುವ ಕೆಲಸಗಳ ಸಾಲಿನಲ್ಲಿ ಸೇರಿಸಿದೆ. ತಮಾಷೆಯೆಂದರೆ, ಅದೇ ಸೂತ್ರ ಇದು ಉತ್ತರದವರ ರೂಢಿಯೆಂದೂ ಹೇಳುತ್ತದೆ. ಎಂದರೆ ನಿಷೇಧ ಬರೆದ ಕಾಲದಲ್ಲಿಯೇ ಜನ ಹಡಗು ಹತ್ತುತ್ತಿದ್ದರು! ಆದರೆ ಹಿಂದಿನ ಶತಮಾನಗಳಲ್ಲಿ ನಿಷೇಧ ಉಳಿಯಿತು, ರೂಢಿ ಮರೆತುಹೋಯಿತು. ಕಡಲು ದಾಟಿದವನಿಗೆ ಜಾತಿಯಿಲ್ಲ. ಅವನೊಡನೆ ಪಂಕ್ತಿಯಿಲ್ಲ, ಅವನ ಮನೆಗೆ ಹೆಣ್ಣು ಕೊಡುವವರಿಲ್ಲ. ಹೀಗಾಗಿ ಲಂಡನ್ನಿಗೆ ಹೊರಡುವವನು ಬಟ್ಟೆಬರೆಗಿಂತ ಮೊದಲು ಅಣಿಗೊಳಿಸಬೇಕಾಗಿದ್ದುದು ಮನೆಯವರ ಮನಸ್ಸನ್ನು. ಅದು ಆಗದಿದ್ದವರು ಬೇರೊಂದು ದಾರಿ ಹಿಡಿದರು. ಅದೇ ಗುಟ್ಟಿನ ದಾರಿ.

1868ರ ಮಾರ್ಚಿ 3ರಂದು ಕಲ್ಕತ್ತದಿಂದ ಮೂವರು ತರುಣರು ಹಡಗು ಹತ್ತಿದರು: ರಮೇಶಚಂದ್ರ ದತ್ತ, ಬಿಹಾರಿಲಾಲ್ ಗುಪ್ತ, ಸುರೇಂದ್ರನಾಥ ಬ್ಯಾನರ್ಜಿ. ಸತ್ಯೇಂದ್ರನಾಥ ಠಾಕೂರರು 1862ರಲ್ಲಿ ಹೋಗಿ, ಮರುವರ್ಷ ಸಿವಿಲ್ ಸರ್ವಿಸ್ ಗೆದ್ದು ದಾರಿ ತೋರಿಸಿದ್ದರು. ಆದರೂ ಈ ಮೂವರಲ್ಲಿ ದತ್ತರೂ ಗುಪ್ತರೂ ಮನೆಯವರಿಗೆ ತಿಳಿಸದೆ ಹೊರಟವರು. ಸುರೇಂದ್ರನಾಥರದು ಇನ್ನೂ ವಿಚಿತ್ರವಾದ ಸ್ಥಿತಿ. ಡಾಕ್ಟರರಾಗಿದ್ದ ಅವರ ತಂದೆ ದುರ್ಗಾಚರಣರೇ ಮುಂದೆ ನಿಂತು ಮಗನನ್ನು ಕಳಿಸುತ್ತಿದ್ದರು. ಆದರೆ ತಾಯಿಗೆ ಹೇಳಿರಲಿಲ್ಲ. ಒಂದೇ ಮನೆಯಲ್ಲಿ ತಂದೆ ಮಗ ಸೇರಿ, ಕಳ್ಳತನಕ್ಕೆ ಹೊಂಚು ಹಾಕುವವರಂತೆ ಸಿದ್ಧತೆ ನಡೆಸಿದರು. ಹೊರಡುವ ಹಿಂದಿನ ದಿನ, ಇನ್ನು ಮುಚ್ಚಿಡಲಾಗದೆಂದು ಹೇಳಿದಾಗ, ಆ ತಾಯಿ ಮೂರ್ಛೆ ಹೋದರಂತೆ. ಸುರೇಂದ್ರನಾಥರು ಮುದುಕರಾದ ಮೇಲೆ ಬರೆದ ಆತ್ಮಕಥೆಯಲ್ಲಿ ಇದನ್ನು ಮರೆಯದೆ ಹೇಳಿದ್ದಾರೆ.

ಆಗ ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. ಅದು ತೆರೆದುದು ಮರುವರ್ಷ ನವೆಂಬರಿನಲ್ಲಿ. ಸೂಯೆಜಿನಲ್ಲಿ ಹಡಗಿನಿಂದ ಇಳಿದು, ರೈಲಿನಲ್ಲಿ ಅಲೆಕ್ಸಾಂಡ್ರಿಯಕ್ಕೆ ಹೋಗಿ, ಅಲ್ಲಿ ಮತ್ತೆ ಹಡಗು ಹತ್ತಬೇಕು. ಅಷ್ಟು ಪ್ರಯಾಸಪಟ್ಟು ಹೋದ ಮೂವರೂ 1869ರಲ್ಲಿ ತೇರ್ಗಡೆಯಾದರು. ಆದರೆ ಸುರೇಂದ್ರನಾಥರ ವಯಸ್ಸಿನ ಲೆಕ್ಕದಲ್ಲಿ ತಕರಾರು ಹುಟ್ಟಿ, ಅವರ ಹೆಸರನ್ನು ತೆಗೆದುಹಾಕಲಾಯಿತು. ಅವರು ನ್ಯಾಯಾಲಯಕ್ಕೆ ಹೋಗಿ ಹಕ್ಕನ್ನು ಮರಳಿ ಪಡೆದರು. ಆ ಕಾಲದಲ್ಲಿಯೇ, 1870ರ ಫೆಬ್ರವರಿಯಲ್ಲಿ, ಕಲ್ಕತ್ತದಲ್ಲಿ ಅವರ ತಂದೆ ತೀರಿಕೊಂಡರು. ಗುಟ್ಟಿನಲ್ಲಿ ಪಾಲುಗಾರರಾಗಿ ಮಗನ ಪೆಟ್ಟಿಗೆ ತುಂಬಿಸಿದ ಆ ತಂದೆ, ಮಗ ಹಿಂದಿರುಗಿದುದನ್ನು ನೋಡಲಿಲ್ಲ.

ಇನ್ನು ನಾವೆಲ್ಲ ಬಲ್ಲ ಒಂದು ಪ್ರಯಾಣ. 1888. ರಾಜಕೋಟೆಯ ಹುಡುಗ; ಇನ್ನೂ ಹತ್ತೊಂಬತ್ತು ತುಂಬಿಲ್ಲ; ಆಗಲೇ ಮದುವೆಯಾಗಿ ಕೆಲವು ತಿಂಗಳ ಗಂಡು ಮಗುವಿನ ತಂದೆ. ಹೆಸರು ಮೋಹನದಾಸ. ಕಾಲೇಜಿನ ಪಾಠ ತಲೆಗೆ ಹತ್ತದೆ ಮನೆಗೆ ಬಂದಿದ್ದವನನ್ನು ಬ್ಯಾರಿಸ್ಟರ್ ಮಾಡಿ ಎಂದು ಸೂಚಿಸಿದವರು ಮನೆತನದ ಹಿತೈಷಿ ಮಾವಜಿ ದವೆ. ಎಲ್ಲ ಸೇರಿ ನಾಲ್ಕೈದು ಸಾವಿರ ರೂಪಾಯಿ ಮೀರದೆಂದು ಅವರ ಅಂದಾಜು. ಹಣಕ್ಕಾಗಿ ಹುಡುಗ ಪೋರಬಂದರಿನ ಆಡಳಿತಾಧಿಕಾರಿಯ ಬಳಿಗೆ ಹೋದ. ಮೊದಲು ಬಿ.ಎ. ಮುಗಿಸಿಕೊಂಡು ಬಾ ಎಂದು ಆ ದೊರೆ ಮೆಟ್ಟಿಲೇರುತ್ತಲೇ ಹೇಳಿ ಕಳುಹಿಸಿದ. ಹೆಂಡತಿಯ ಒಡವೆ ಮಾರಿದರೆ ಎರಡು ಮೂರು ಸಾವಿರ ಹುಟ್ಟೀತು ಎಂದು ಲೆಕ್ಕ ಹಾಕಿದುದೂ ಆಯಿತು. ಕೊನೆಗೆ ಅಣ್ಣ ಲಕ್ಷ್ಮೀದಾಸ ಹಣದ ಹೊಣೆ ಹೊತ್ತ.

ತಾಯಿ ಪುತಲೀಬಾಯಿಗೆ ಹಣದ ಚಿಂತೆಗಿಂತ ಮಗನ ಚಿಂತೆ ಹೆಚ್ಚು. ಅಲ್ಲಿಗೆ ಹೋದ ಹುಡುಗರು ಕೆಡುತ್ತಾರೆ, ಮಾಂಸ ತಿನ್ನುತ್ತಾರೆ, ಕುಡಿಯುತ್ತಾರೆ ಎಂದು ಯಾರು ಯಾರೋ ಹೇಳಿದ್ದರು. ಆಕೆ ಮಗನಿಂದ ಏನನ್ನೂ ಮುಚ್ಚಿಡಲಿಲ್ಲ. ಕೇಳಿದುದನ್ನೆಲ್ಲ ಅವನ ಮುಂದೆಯೇ ಇಟ್ಟು, ಇದಕ್ಕೇನು ಹೇಳುತ್ತೀ ಎಂದರು. ಮಗನೂ ಓಡಿಹೋಗಲಿಲ್ಲ. ಬೇಚರಜಿ ಸ್ವಾಮಿ ಎಂಬ ಜೈನ ಸಾಧುವಿನ ಎದುರಿನಲ್ಲಿ ಮದ್ಯ, ಮಾಂಸ, ಪರಸ್ತ್ರೀ ಮೂರನ್ನೂ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದ. ತಾಯಿ ಒಪ್ಪಿದರು. ಕಲ್ಕತ್ತದ ಆ ಮನೆಗೂ ರಾಜಕೋಟೆಯ ಈ ಮನೆಗೂ ಇರುವ ವ್ಯತ್ಯಾಸವನ್ನು ಓದುಗರು ಗಮನಿಸಬೇಕು. ಅಲ್ಲಿ ತಾಯಿಗೆ ನೋವಾಗದಿರಲೆಂದು ಮಾತು ಮುಚ್ಚಿಟ್ಟರು. ಇಲ್ಲಿ ನೋವನ್ನೇ ಮಾತಾಗಿ ಆಡಿ ಮುಗಿಸಿದರು.

ಮನೆ ಒಪ್ಪಿದರೂ ಜಾತಿ ಒಪ್ಪಲಿಲ್ಲ. ಮುಂಬಯಿಯಲ್ಲಿ ಮೋಢ ಬನಿಯಾ ಸಮಾಜದ ಸಭೆ ಸೇರಿತು. ಮುಖ್ಯಸ್ಥರು ಮೋಹನದಾಸನ ತಂದೆಗೆ ಬೇಕಾದವರೇ. ಆದರೂ ಹುಡುಗ ಹಟ ಬಿಡದಿದ್ದಾಗ ಅವನನ್ನು ಜಾತಿಯಿಂದ ಹೊರಗೆ ಹಾಕಿದರು. ಅವನಿಗೆ ಸಹಾಯ ಮಾಡುವವರಿಗೂ, ಬಂದರಿಗೆ ಹೋಗಿ ಬೀಳ್ಕೊಡುವವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ! ಅಣ್ಣ ಯಾರ ಕೈಯಲ್ಲಿ ಪ್ರಯಾಣದ ಹಣ ಇಟ್ಟುಹೋಗಿದ್ದನೋ ಆ ಭಾವ, ಜಾತಿಗೆ ಹೆದರಿ ಹಣ ಕೊಡಲಿಲ್ಲ. ಪರಿಚಿತರೊಬ್ಬರು ಸಾಲ ಕೊಟ್ಟರು. ಆ ಹಣದಲ್ಲಿಯೇ ಟಿಕೆಟು, ಬಟ್ಟೆ, ದಾರಿಗೆ ಸಿಹಿತಿಂಡಿ, ಹಣ್ಣು. ಕತ್ತಿನ ಟೈ ಎಂದರೆ ಅವನಿಗೆ ಅಸಹ್ಯ; ಗಿಡ್ಡ ಕೋಟು ಎಂದರೆ ನಾಚಿಕೆ. 1888ರ ಸೆಪ್ಟೆಂಬರ್ 4ರಂದು ಹಡಗು ಹೊರಟಿತು.

ಆ ಪೆಟ್ಟಿಗೆಯ ಕಥೆಯನ್ನು ಗಾಂಧೀಜಿ ತಾವೇ ನಗುತ್ತ ಹೇಳಿಕೊಂಡಿದ್ದಾರೆ. ಹಡಗಿನಲ್ಲಿ ಕರಿಯ ಸೂಟು ಹಾಕಿಕೊಂಡು, ಇಂಗ್ಲೆಂಡಿನಲ್ಲಿ ಇಳಿಯುವಾಗ ಮರ್ಯಾದೆಯಾಗಿ ಕಾಣಲೆಂದು ಬಿಳಿಯ ಫ್ಲಾನೆಲ್ ಸೂಟನ್ನು ಕಾದಿಟ್ಟಿದ್ದರು. ಇಳಿದು ನೋಡಿದರೆ ಆ ಶರತ್ಕಾಲದಲ್ಲಿ ಬಿಳಿಯ ಸೂಟು ತೊಟ್ಟವರು ತಾವೊಬ್ಬರೇ. ಬದಲಾಯಿಸೋಣವೆಂದರೆ ಪೆಟ್ಟಿಗೆಗಳೂ ಬೀಗದ ಕೈಗಳೂ ಏಜೆಂಟರ ವಶದಲ್ಲಿ, ಮರುದಿನ ಭಾನುವಾರ. ಮುಂಬಯಿಯಲ್ಲಿ ಹೊಲಿಸಿದ ಬಟ್ಟೆ ಅಲ್ಲಿಯ ಸಮಾಜಕ್ಕೆ ಸಲ್ಲದೆಂದು ಮುಂದೆ ತಿಳಿಯಿತು. ಹತ್ತೊಂಬತ್ತು ಷಿಲಿಂಗಿನ ಎತ್ತರದ ಟೋಪಿ, ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡಿನ ಸಂಜೆಯ ಸೂಟು ಎಂದು ಮತ್ತೆ ಖರ್ಚಾಯಿತು. ಅಂತೂ ಕಷ್ಟಪಟ್ಟು ಕಟ್ಟಿಕೊಂಡು ಹೋದುದು ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದುದು ತೂಕವಿಲ್ಲದ ಎರಡು: ದಾದಾಭಾಯಿ ನವರೋಜಿ, ಡಾಕ್ಟರ್ ಪ್ರಾಣಜೀವನ ಮೆಹತಾ ಮೊದಲಾದವರಿಗೆ ಬರೆಸಿಕೊಂಡಿದ್ದ ನಾಲ್ಕು ಪರಿಚಯಪತ್ರಗಳು, ಮತ್ತು ತಾಯಿಗೆ ಕೊಟ್ಟ ಮಾತು. ಉಪ್ಪಿಲ್ಲದ ಬೇಯಿಸಿದ ತರಕಾರಿ ತಿಂದು ಅರೆಹೊಟ್ಟೆಯಲ್ಲಿ ಮಲಗಿ, ಮನೆಯನ್ನು ನೆನೆದು ಅತ್ತ ರಾತ್ರಿಗಳಲ್ಲಿ ಆ ಮಾತೇ ಅವರನ್ನು ಹಿಡಿದು ನಿಲ್ಲಿಸಿತು.

ಗಂಡುಮಕ್ಕಳ ಪಾಡೇ ಹೀಗಾದರೆ ಹೆಣ್ಣುಮಕ್ಕಳದು? ಮೊಮ್ಮಗಳು ಈ ಪ್ರಶ್ನೆ ಕೇಳಿದಾಗ ನಾನು ರುಖ್ಮಾಬಾಯಿಯ ಕಥೆ ಹೇಳಿದೆ. ಮುಂಬಯಿಯಲ್ಲಿ 1864ರಲ್ಲಿ ಹುಟ್ಟಿದಾಕೆ. ಹನ್ನೊಂದನೆಯ ವಯಸ್ಸಿಗೆ ಮದುವೆ. ದೊಡ್ಡವಳಾದ ಮೇಲೆ, ತನ್ನ ಒಪ್ಪಿಗೆಯಿಲ್ಲದೆ ಆದ ಮದುವೆಗೆ ತಾನು ಬದ್ಧಳಲ್ಲವೆಂದು ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. ಗಂಡ ದಾದಾಜಿ ಭಿಕಾಜಿ 1884ರಲ್ಲಿ ನ್ಯಾಯಾಲಯಕ್ಕೆ ಹೋದ. 1887ರ ಮಾರ್ಚಿಯಲ್ಲಿ ತೀರ್ಪಾಯಿತು: ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳ ಸೆರೆ. ಸೆರೆಮನೆಗೇ ಹೋಗುತ್ತೇನೆ ಎಂದಳು ಆಕೆ. ದೇಶವೆಲ್ಲ ಗುಲ್ಲೆದ್ದಿತು. ಮರುವರ್ಷ ಎರಡು ಸಾವಿರ ರೂಪಾಯಿ ಪಡೆದು ಗಂಡ ತನ್ನ ಹಕ್ಕು ಬಿಟ್ಟ. ಕಾಮಾ ಆಸ್ಪತ್ರೆಯ ಡಾಕ್ಟರ್ ಈಡಿತ್ ಪೀಚಿ ಎಂಬ ಆಂಗ್ಲ ಮಹಿಳೆ ಬೆಂಬಲಕ್ಕೆ ನಿಂತರು, ಚಂದಾ ಕೂಡಿತು. 1889ರಲ್ಲಿ ರುಖ್ಮಾಬಾಯಿ ಇಂಗ್ಲೆಂಡಿಗೆ ಹೊರಟು, ಹೆಂಗಸರಿಗಾಗಿಯೇ ಇದ್ದ ಲಂಡನ್ ವೈದ್ಯಕೀಯ ಶಾಲೆಯಲ್ಲಿ ಓದಿ, 1894ರಲ್ಲಿ ಡಾಕ್ಟರಾಗಿ ಬಂದು, ಬಹುಕಾಲ ಸೂರತ್ತಿನ ಹೆಂಗಸರಿಗೆ ಚಿಕಿತ್ಸೆ ಮಾಡಿದರು. ಪ್ರಯಾಣಕ್ಕೆ ಆಕೆ ಮಾಡಿಕೊಳ್ಳಬೇಕಾಗಿದ್ದ ಮೊದಲ ಸಿದ್ಧತೆ ಸೀರೆಯದಲ್ಲ, ಕಂಬಳಿಯದಲ್ಲ. ತನ್ನನ್ನು ತಾನು ಬಿಡಿಸಿಕೊಳ್ಳುವುದು.

ಮೊಮ್ಮಗಳು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ತಾತ, ನನ್ನದು ಇಪ್ಪತ್ತಮೂರು ಕಿಲೋ ಮಾತ್ರ” ಎಂದಳು.

ನಾಲ್ಕನೆಯವರದು ಬೇರೆಯೇ ಬಗೆ. ಭೀಮರಾವ್ ಅಂಬೇಡ್ಕರರನ್ನು ಕಡಲು ದಾಟಬೇಡವೆಂದು ತಡೆಯಲು ಯಾವ ಜಾತಿಯ ಸಭೆಯೂ ಸೇರಲಿಲ್ಲ. ಶಾಸ್ತ್ರದ ಭಯವಿದ್ದುದು ಕಳೆದುಕೊಳ್ಳಲು ಜಾತಿಯ ಗೌರವವಿದ್ದವರಿಗೆ. ಊರ ಹೊರಗೆ ಇಡಲ್ಪಟ್ಟವರು ಕಡಲಾಚೆ ಹೋದರೆ ಯಾರಿಗೆ ಚಿಂತೆ? 1913ರಲ್ಲಿ ಬರೋಡದ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು, ಹಿಂದಿರುಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂದು ಕರಾರು ಬರೆಸಿಕೊಂಡು, ಅವರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿಂದ ಅವರು 1916ರಲ್ಲಿ ಲಂಡನ್ನಿಗೆ ಬಂದು ಅರ್ಥಶಾಸ್ತ್ರಕ್ಕೂ ನ್ಯಾಯಶಾಸ್ತ್ರಕ್ಕೂ ಸೇರಿಕೊಂಡರು. ಮರುವರ್ಷ ವೇತನದ ಅವಧಿ ಮುಗಿಯಿತು. ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಬಹುದೆಂಬ ಅನುಮತಿಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಹಿಂದಿರುಗಿದರು. ಮಹಾಯುದ್ಧದ ಕಾಲ, ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕದ ಪೆಟ್ಟಿಗೆಗಳು ಟಾರ್ಪೆಡೋ ಏಟಿಗೆ ಸಿಕ್ಕಿ ಸಮುದ್ರದ ಪಾಲಾದವು. ಕರಾರಿನಂತೆ ಬರೋಡಕ್ಕೆ ಹೋದರೆ, ಎರಡು ಖಂಡಗಳಲ್ಲಿ ಓದಿ ಬಂದ ಆ ಅಧಿಕಾರಿಗೆ ಊರಿನಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಒಬ್ಬನಿಗೆ ಸಮುದ್ರ ಜಾತಿಯನ್ನು ಕಿತ್ತುಕೊಂಡಿತು. ಇನ್ನೊಬ್ಬರಿಗೆ ಎಷ್ಟು ಸಮುದ್ರ ದಾಟಿದರೂ ಅದರಿಂದ ಬಿಡುಗಡೆಯಾಗಲಿಲ್ಲ. ಎರಡನ್ನೂ ಮಾಡಿದುದು ನಮ್ಮದೇ ಸಮಾಜ.

ಎರಡನೆಯ ಪ್ರಯಾಣಕ್ಕೆ ಅವರು ಸಿದ್ಧವಾದ ರೀತಿಯನ್ನು ಓದುವಾಗ ನನಗೆ ಪುಸ್ತಕ ಮುಚ್ಚಿ ಕುಳಿತುಕೊಳ್ಳುವಂತಾಯಿತು. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ 1918ರಿಂದ 1920ರವರೆಗೆ ಪ್ರಾಧ್ಯಾಪಕರಾಗಿದ್ದಾಗ, ಪರೇಲಿನ ಚಾಳಿನಲ್ಲೇ ಸಂಸಾರವನ್ನಿಟ್ಟುಕೊಂಡು, ಸಂಬಳದಲ್ಲಿ ಉಳಿಸಿದರು. ಅದಕ್ಕೆ ಗೆಳೆಯ ನವಲ್ ಭಥೇನಾ ಅವರಿಂದ ಐದು ಸಾವಿರ ರೂಪಾಯಿ ಸಾಲ, ಕೊಲ್ಲಾಪುರದ ಶಾಹು ಮಹಾರಾಜರಿಂದ ಒಂದೂವರೆ ಸಾವಿರ ನೆರವು ಸೇರಿಸಿ, 1920ರ ಜುಲೈಯಲ್ಲಿ ಮತ್ತೆ ಹೊರಟರು. ಗಂಡನ ಉಳಿತಾಯವೆಂದು ನಾವು ಬರೆಯುವ ಹಣ, ಹೆಂಡತಿ ರಮಾಬಾಯಿ ಒಲೆಯ ಮುಂದೆ ಬಿಗಿಹಿಡಿದ ಹಣ. ಲಂಡನ್ನಿನಲ್ಲಿ ಅವರು ಹಗಲೆಲ್ಲ ಗ್ರಂಥಾಲಯದಲ್ಲಿದ್ದು, ರಾತ್ರಿ ಹಸಿವಾದಾಗ ಹಪ್ಪಳ ಸುಟ್ಟುಕೊಂಡು ತಿಂದು ಮತ್ತೆ ಓದುತ್ತಿದ್ದರಂತೆ. 1921ರಲ್ಲಿ ಎಂ.ಎಸ್‌ಸಿ., 1922ರಲ್ಲಿ ಬ್ಯಾರಿಸ್ಟರ್, 1923ರಲ್ಲಿ ಡಿ.ಎಸ್‌ಸಿ. ಅವರು ವಾಸವಾಗಿದ್ದ ಕಿಂಗ್ ಹೆನ್ರೀಸ್ ರಸ್ತೆಯ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಸ್ಮಾರಕ ಮಾಡಿತು. ಈ ಕಥೆ ಕೇಳಿದ ಮೇಲೆ ಮೊಮ್ಮಗಳು ಹಪ್ಪಳದ ಕಟ್ಟನ್ನು ಪೆಟ್ಟಿಗೆಯಿಂದ ತೆಗೆದಿಲ್ಲ.

ಕಾಲ ಕಳೆದಂತೆ ಸಮುದ್ರದ ಭಯ ಕರಗಿತು. 1936ರಲ್ಲಿ ನಮ್ಮ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋಗುವ ಹೊತ್ತಿಗೆ ಕಡಲು ಪಾಪದ ವಸ್ತುವಾಗಿರದೆ ಕಾವ್ಯದ ವಸ್ತುವಾಗಿತ್ತು. ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಬಂದವು. ಈಗಂತೂ ಸಮುದ್ರವೇ ಇಲ್ಲ. ಬೆಂಗಳೂರಿನಲ್ಲಿ ವಿಮಾನ ಹತ್ತಿ ಎರಡು ಊಟ, ಒಂದು ನಿದ್ದೆ ಮುಗಿಸುವಷ್ಟರಲ್ಲಿ ಲಂಡನ್ ಬರುತ್ತದೆ. ಜಾತಿಯವರು ದಂಡ ಹಾಕುವುದಿಲ್ಲ. ಬದಲಿಗೆ ಅಭಿನಂದನೆ ಹೇಳಿ, ತಮ್ಮ ಮಗನಿಗೆ ಸಿಕ್ಕೀತೇ ಎಂದು ವಿಳಾಸ ಕೇಳುತ್ತಾರೆ.

ಆದರೆ ಗುಟ್ಟು ಮಾತ್ರ ಹೋಗಿಲ್ಲ. ನಾನು ಕೊನೆಗೆ ಹೇಳುತ್ತೇನೆಂದ ಕಾರಣ ಇದೇ. ಜೂನ್ ತಿಂಗಳಲ್ಲಿ ನನ್ನ ಹೆಂಡತಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದು ವೈದ್ಯರಿಗೆ ತೋರಿಸಿದೆವು. ಹೃದಯದ ಒಂದು ಕವಾಟ ಕೆಟ್ಟಿದೆ, ಶಸ್ತ್ರಚಿಕಿತ್ಸೆ ಆಗಬೇಕು, ಬಹಳ ದಿನ ಮುಂದೂಡಬೇಡಿ ಎಂದರು. ಆಸ್ಪತ್ರೆಯಿಂದ ಬರುವಾಗಲೇ ಆಕೆ, “ಮಗುವಿಗೆ ಹೇಳಬೇಡಿ. ಅವಳು ಹೋಗಲಿ, ಆಮೇಲೆ ಮಾಡಿಸಿದರಾಯಿತು” ಎಂದು ನನ್ನಿಂದ ಮಾತು ತೆಗೆದುಕೊಂಡಳು. ಅಂದಿನಿಂದ ಔಷಧದ ಚೀಟಿ ನನ್ನ ಪುಸ್ತಕಗಳ ನಡುವೆ ಅಡಗಿದೆ. ಮಗ, ಸೊಸೆ, ನಾನು ಮೂವರೂ ಈ ಪಿತೂರಿಯಲ್ಲಿ ಸೇರಿದ್ದೇವೆ. ದುರ್ಗಾಚರಣರು ಎಷ್ಟು ಒಳ್ಳೆಯ ಮನಸ್ಸಿನಿಂದ ಗುಟ್ಟು ಕಾಪಾಡಿದರೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊನ್ನೆ ರಾತ್ರಿ ಗಾಂಧೀಜಿಯವರ ಆತ್ಮಕಥೆಯಲ್ಲಿ ಅವರು ಹಿಂದಿರುಗಿದ ಭಾಗವನ್ನು ಆಕೆಗೆ ಓದಿ ಹೇಳಿದೆ. 1891ರ ಜೂನ್ 10ರಂದು ಅವರು ಬ್ಯಾರಿಸ್ಟರ್ ಆದರು. ಎರಡು ದಿನದಲ್ಲಿ ಹಡಗು ಹತ್ತಿದರು. ತಾಯಿಯನ್ನು ನೋಡಬೇಕು, ಮೂರು ಮಾತನ್ನೂ ಉಳಿಸಿಕೊಂಡು ಬಂದೆ ಎಂದು ಹೇಳಬೇಕು. ಮುಂಬಯಿಯ ಬಂದರಿನಲ್ಲಿ ಅಣ್ಣ ಕಾದಿದ್ದ. ತಾಯಿ ತೀರಿಕೊಂಡಿದ್ದರು. ಅದು ನಡೆದುದು ಮಗ ಇನ್ನೂ ಇಂಗ್ಲೆಂಡಿನಲ್ಲಿದ್ದಾಗಲೇ. ಪರದೇಶದಲ್ಲಿ ಒಬ್ಬನೇ ಆ ಏಟನ್ನು ತಾಳಲಾರನೆಂದು ಅಣ್ಣ ತಿಳಿಸಿರಲಿಲ್ಲ. ತಂದೆಯ ಸಾವಿಗಿಂತ ಈ ದುಃಖ ದೊಡ್ಡದಾಗಿತ್ತೆಂದು ಗಾಂಧೀಜಿ ಬರೆದಿದ್ದಾರೆ. ಆದರೂ ಕಣ್ಣೀರು ತಡೆದುಕೊಂಡು, ಏನೂ ಆಗದವರಂತೆ ಬದುಕನ್ನು ಕೈಗೆತ್ತಿಕೊಂಡರಂತೆ. ಅಣ್ಣನ ಮೇಲೆ ಒಂದು ಕಟುಮಾತಿಲ್ಲ. ಆದರೆ ಪತ್ರ ಬರೆಯುವಾಗಲೆಲ್ಲ ತಾಯಿ ಇದ್ದಾರೆಂದೇ ತಿಳಿದು ಬರೆದ ಮಗನ ಚಿತ್ರ ನನ್ನ ಕಣ್ಣಿಂದ ಹೋಗುವುದಿಲ್ಲ. ಹೊರಡುವಾಗ ಎಲ್ಲವನ್ನೂ ಮುಖಾಮುಖಿ ಮಾತಾಡಿಕೊಂಡಿದ್ದ ಆ ಮನೆಯಲ್ಲಿಯೂ, ತಾಯಿ ಹೋದ ಮೇಲೆ ಗುಟ್ಟು ಬಂದು ಕುಳಿತಿತ್ತು.

ಓದಿ ಮುಗಿಸಿದೆ. ನನ್ನ ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. “ಆಕೆ ಇದ್ದಿದ್ದರೆ ತಾನೇ ಹೇಳುತ್ತಿದ್ದಳು. ನಾನಿನ್ನೂ ಇದ್ದೇನಲ್ಲ. ನೀವು ಕೊಟ್ಟ ಮಾತು ಹಾಗೇ ಇರಲಿ, ನಾನೇ ಹೇಳುತ್ತೇನೆ” ಎಂದಳು.

ಮರುದಿನ ಬೆಳಗ್ಗೆ ಅಡಿಗೆಮನೆಯಲ್ಲಿ ಅಜ್ಜಿ ಮೊಮ್ಮಗಳು ಬಹಳ ಹೊತ್ತು ಮಾತಾಡಿದರು. ನಾನು ಒಳಗೆ ಹೋಗಲಿಲ್ಲ. ಹುಡುಗಿ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಮೊದಲು ನನ್ನ ಮೇಲೆ ಸಿಟ್ಟು ಮಾಡಿದಳು, ಅದು ನ್ಯಾಯವೇ. ಆಮೇಲೆ ಔಷಧದ ಚೀಟಿಯನ್ನು ಕೇಳಿ ತೆಗೆದುಕೊಂಡು, ವೈದ್ಯರಿಗೆ ತಾನೇ ಫೋನು ಮಾಡಿದಳು. ಶಸ್ತ್ರಚಿಕಿತ್ಸೆ ಈ ತಿಂಗಳ ಇಪ್ಪತ್ತರಂದು ಎಂದು ಗೊತ್ತಾಗಿದೆ. ಅವಳು ಹೊರಡುವುದಕ್ಕೆ ಆಮೇಲೆ ಐದು ವಾರ ಇರುತ್ತದೆ. ಈ ವಿಷಯವನ್ನು ಪತ್ರಿಕೆಗೆ ಬರೆಯಲೇ ಎಂದು ಕೇಳಿದಾಗ ನನ್ನ ಹೆಂಡತಿ, “ಇನ್ನು ಯಾರಿಂದ ಮುಚ್ಚಿಡುವುದಿದೆ, ಬರೆಯಿರಿ” ಎಂದಳು.

ನಿನ್ನೆ ಸಂಜೆ ಮತ್ತೆ ತೂಕವಾಯಿತು. ಒಂದು ಪೆಟ್ಟಿಗೆ ಇಪ್ಪತ್ತನಾಲ್ಕೂವರೆ ಇತ್ತು. ಏನು ತೆಗೆಯುವುದೆಂದು ಇಬ್ಬರೂ ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಅಂಕಿ ಓದಿ ಹೇಳುವುದಕ್ಕೆ ನನ್ನನ್ನು ಕರೆಯುತ್ತಿದ್ದಾರೆ.